ಸೊನ್ನೆ ಬಂದರೆ ಮತ್ತೆ ಅಳೆಯಿರಿ

ಹೋದ ತಿಂಗಳು ನನ್ನ ಹಳೆಯ ಕಾಲೇಜಿನವರು ಕರೆದಿದ್ದರು. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಒಂದು ದಿನದ ತರಬೇತಿ. ವಿಷಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ವೃತ್ತಿ ಕೌಶಲ ಬೆಳೆಸುವುದು. ಮೊದಲು ಟೈ ಕಟ್ಟಿದವರೊಬ್ಬರು ಬಂದು ಕೈ ಕುಲುಕುವುದು ಹೇಗೆ, ಸಂದರ್ಶನದಲ್ಲಿ ಕುರ್ಚಿ ಸದ್ದಾಗದಂತೆ ಕೂರುವುದು ಹೇಗೆ ಎಂದು ಎರಡು ತಾಸು ಹೇಳಿದರು. ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ ನನ್ನ ಪಾಲಿಗೆ ಉಳಿದಿತ್ತು. ನಾನು ಇನ್ನೂ ಹನ್ನೆರಡನೇ ನಿಮಿಷದಲ್ಲಿದ್ದಾಗಲೇ ಶಾಲು ಹಿಡಿದುಕೊಂಡು ಬಂದುಬಿಟ್ಟರು. ಶಾಲು ಹೊದಿಸಿದ ಮೇಲೂ ಮಾತಾಡಿದರೆ ಮುದುಕನಿಗೆ ಮರ್ಯಾದೆ ಗೊತ್ತಿಲ್ಲ ಅನ್ನುತ್ತಾರೆ. ಸುಮ್ಮನೆ ಕುಳಿತೆ.

ನನ್ನ ನೌಕರಿಯ ಕೊನೆಯ ವರ್ಷ, ನಾನು ಒಂದು ಸಹಿ ಮಾಡಲಿಲ್ಲವೆಂದು ನಾಲ್ಕು ಮಕ್ಕಳ ಇಡೀ ವರ್ಷವೇ ಕೈತಪ್ಪುವುದರಲ್ಲಿತ್ತು. ಅದನ್ನು ಹೇಳಲೆಂದೇ ಅಲ್ಲಿಗೆ ಹೋಗಿದ್ದೆ. ಈಗ ಇಲ್ಲಿ ಬರೆಯುತ್ತೇನೆ, ಶಾಲು ತರುವವರು ಇಲ್ಲಿ ಯಾರೂ ಇಲ್ಲ.

ನಾನು ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಸರ್ವೇ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ಸೇರಿದ್ದೂ ಇನ್‌ಸ್ಟ್ರಕ್ಟರ್ ಆಗಿ, ಮೂವತ್ತನಾಲ್ಕು ವರ್ಷದ ನಂತರ ಹೊರಬಿದ್ದದ್ದೂ ಇನ್‌ಸ್ಟ್ರಕ್ಟರ್ ಆಗಿಯೇ. ಹಾಗಾಗಿ ಬಡ್ತಿಯ ಕಥೆ ಹೇಳಿ ನಿಮ್ಮ ತಲೆ ತಿನ್ನುವ ಭಯವಿಲ್ಲ. ಓದಿದ್ದು ಡಿಪ್ಲೊಮಾ. ಊರು ನಂದಗಡ, ಅಪ್ಪ ಕುರಿ ಮೇಯಿಸುತ್ತಿದ್ದ. ದೊಡ್ಡ ಪದವಿಯವರು ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದರು, ಆ ಪಾಠ ನೆಲದ ಮೇಲೆ ನಿಲ್ಲುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಇದನ್ನು ಸಣ್ಣ ಕೆಲಸ ಎಂದವರು ಬಹಳ ಮಂದಿ ಇದ್ದರು. ಅವರಲ್ಲಿ ಒಬ್ಬರಾದರೂ ಬಿಸಿಲಲ್ಲಿ ನಿಂತು ಲೆವೆಲ್ ಯಂತ್ರದ ಮಟ್ಟ ತೋರುವ ಗುಳ್ಳೆಯನ್ನು ನಡುವಿಗೆ ತಂದದ್ದನ್ನು ನಾನು ಕಂಡಿಲ್ಲ.

ಲೆವೆಲ್ ಮಾಡುವುದು ಎಂದರೆ ಎರಡು ಜಾಗಗಳಲ್ಲಿ ಯಾವುದು ಎಷ್ಟು ಎತ್ತರದಲ್ಲಿದೆ ಎಂದು ಕಂಡುಹಿಡಿಯುವುದು. ಒಬ್ಬರು ಯಂತ್ರಕ್ಕೆ ಕಣ್ಣಿಡಬೇಕು. ಇನ್ನೊಬ್ಬರು ದೂರದಲ್ಲಿ ಸ್ಟಾಫ್ ಎಂಬ ಉದ್ದನೆಯ ಅಳತೆಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಮೂರನೆಯವರು ಓದಿದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಗುರುತಿನ ಕಲ್ಲೊಂದರಿಂದ ಹೊರಟು, ಹೀಗೇ ಅಳೆಯುತ್ತ ಹೋಗಿ, ಅಳೆಯುತ್ತಲೇ ಅದೇ ಕಲ್ಲಿಗೆ ತಿರುಗಿ ಬರಬೇಕು. ಕಲ್ಲೇನೂ ಎದ್ದು ಹೋಗಿರುವುದಿಲ್ಲ, ಅಂದಮೇಲೆ ಅದರ ಎತ್ತರ ಮೊದಲಿನಷ್ಟೇ ಬರಬೇಕಲ್ಲ? ಬರುವುದಿಲ್ಲ. ಗಾಳಿ, ಬಿಸಿಲು, ಕಣ್ಣು, ಕೈ ಎಲ್ಲ ಸೇರಿ ಸ್ವಲ್ಪ ವ್ಯತ್ಯಾಸ ತಂದೇ ತರುತ್ತವೆ. ವ್ಯತ್ಯಾಸ ಮಿತಿಯೊಳಗಿದ್ದರೆ ಕೆಲಸ ಸರಿ. ಮಿತಿ ಮೀರಿದರೆ ಮತ್ತೆ ಅಳೆಯಬೇಕು. ಶಾಸ್ತ್ರ ಇಷ್ಟೇ.

ಇಷ್ಟು ಸಣ್ಣ ಶಾಸ್ತ್ರವನ್ನು ಮೊದಲ ಐದು ವರ್ಷ ನಾನೇ ಕೆಡಿಸಿದೆ. ಲ್ಯಾಬಿನ ಅವಧಿ ಮೂರು ತಾಸು. ವ್ಯತ್ಯಾಸ ಹೆಚ್ಚು ಬಂದ ಹುಡುಗರು ಸಂಜೆಯವರೆಗೆ ಕೂರಬೇಕು, ಅವರ ಜೊತೆ ನಾನೂ ಕೂರಬೇಕು, ನಂದಗಡದ ಬಸ್ಸು ತಪ್ಪಬೇಕು. ಅದಕ್ಕೆ ಒಂದು ಉಪಾಯ ಹೇಳಿಕೊಟ್ಟೆ. ಕೊನೆಯ ಅಂಕಿಯನ್ನು ಓದುವ ಮೊದಲೇ, ಅದು ಎಷ್ಟು ಬರಬೇಕೆಂದು ಲೆಕ್ಕ ಹಾಕಿ ಬರೆದುಬಿಡುವುದು. ಹುಡುಗರು ಇದಕ್ಕೆ 'ಹೊಂದಿಸೋದು' ಎನ್ನುತ್ತಿದ್ದರು. ನನ್ನ ಕೈಕೆಳಗಿನ ಎಲ್ಲ ಬ್ಯಾಚುಗಳ ವ್ಯತ್ಯಾಸವೂ ಸೊನ್ನೆ ಬರತೊಡಗಿತು. ಏನು ಹೆಮ್ಮೆ ನನಗೆ!

ಒಂದು ವರ್ಷ ಪರೀಕ್ಷೆಗೆ ಹೊರಗಿನಿಂದ ಬಂದವರು ಕಾಲುವೆ ಕೆಲಸದಲ್ಲೇ ತಲೆ ಬೆಳ್ಳಗಾದ ನಿವೃತ್ತ ಇಂಜಿನಿಯರು. ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಮಡಚಿ, ಬದಿಗಿಟ್ಟರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿ ಕೇಳಿದರು.

"ಹನ್ನೆರಡೂ ಬ್ಯಾಚಿಗೆ ಸೊನ್ನಿ ಬಂದೈತಲ್ರಿ. ನಾ ನಲವತ್ತು ವರ್ಷ ಲೆವೆಲ್ ಮಾಡೇನಿ, ನನಗ ಒಮ್ಮಿನೂ ಬಂದಿಲ್ಲ. ಈ ವಿದ್ಯಾ ಇವರಿಗೆ ಯಾರು ಕಲಿಸ್ಯಾರ?"

ಪಾಠ ಮಾಡುವ ಪ್ರೊಫೆಸರರ ಹೆಸರು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆಗಿನ ನಮ್ಮ ವಿಭಾಗದ ಮುಖ್ಯಸ್ಥರು ದೇಸಾಯಿ ಸರ್ ಪಕ್ಕದಲ್ಲೇ ಇದ್ದು ಎಲ್ಲ ಕೇಳಿಸಿಕೊಂಡಿದ್ದರು. ಪರೀಕ್ಷೆ ಮುಗಿದ ಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಚಹಾ ಮುಗಿದ ಮೇಲೆ, "ಬಾಳಪ್ಪ, ಈ ಹುಡುಗರು ನಾಳೆ ಕಾಲುವಿ ತೆಗೀತಾರ. ನೀರಿಗೆ ಹೊಂದಿಸ್ಕೊಳ್ಳಾಕ ಬರೂದಿಲ್ಲಪ್ಪ" ಎಂದರು. ಅವತ್ತು ನನಗಾದ ನಾಚಿಕೆ ಇಂದಿಗೂ ಆರಿಲ್ಲ.

ಆಮೇಲೆ ನನ್ನ ಲ್ಯಾಬಿನ ಕಾಯಿದೆಗಳೇ ಬದಲಾದವು. ಬಯಲಿಗೆ ರಬ್ಬರ್ ತರುವಂತಿಲ್ಲ, ತಪ್ಪು ಬರೆದರೆ ಒಂದು ಗೆರೆ ಎಳೆದು ಮೇಲೆ ಸರಿಯಾದದ್ದು ಬರೆಯಬೇಕು. ವ್ಯತ್ಯಾಸ ಎಷ್ಟು ಬಂತೆಂದು ಪುಟದ ಕೆಳಗೆ ದೊಡ್ಡದಾಗಿ ಬರೆಯಬೇಕು. ಸೊನ್ನೆ ಬಂದರೆ ಮತ್ತೆ ಅಳೆಯಬೇಕು. ಪುಟಪುಟಕ್ಕೆ ನನ್ನ ಸಹಿ ಇಲ್ಲದೆ ಯಾವ ಪುಸ್ತಕವೂ ಪರೀಕ್ಷೆಗೆ ಹೋಗಕೂಡದು. ಈ ಕೊನೆಯದನ್ನು ದೇಸಾಯಿ ಸರ್ ವಿಭಾಗದ ನಿಯಮವನ್ನಾಗಿಯೇ ಬರೆಸಿಟ್ಟರು. ಹುಡುಗರು ಬೆನ್ನ ಹಿಂದೆ ನನಗೆ 'ಸೊನ್ನಿ ಬಾಳಪ್ಪ' ಎಂದು ಹೆಸರಿಟ್ಟರು. ಇಡಲಿ. ಆ ಹೆಸರು ನನಗೆ ಬಿರುದಿನಂತೆಯೇ ಇತ್ತು.

ಯಂತ್ರಗಳು ಬದಲಾದವು. ತಾನೇ ಮಟ್ಟ ಹಿಡಿಯುವ ಯಂತ್ರ ಬಂತು, ಗುಂಡಿ ಒತ್ತಿದರೆ ದೂರ ಹೇಳುವ ಯಂತ್ರ ಬಂತು. ನಾನು ಎಲ್ಲವನ್ನೂ ಕಲಿತೆ, ಹಳೆಯದೇ ಚಂದ ಎಂದು ಗೋಳಾಡುವ ಜಾತಿಯವನಲ್ಲ. ಆದರೆ ಕಂಪ್ಯೂಟರ್ ಬಂದ ಮೇಲೆ ಒಂದು ಕೇಡಾಯಿತು. ಮೊದಲು ಸುಳ್ಳು ಹೊಂದಿಸಬೇಕಾದರೂ ಹುಡುಗರಿಗೆ ಲೆಕ್ಕ ಬರಬೇಕಿತ್ತು. ಈಗ ಬಂದ ವ್ಯತ್ಯಾಸವನ್ನೆಲ್ಲ ಕಂಪ್ಯೂಟರೇ ಅಷ್ಟಷ್ಟು ಹಂಚಿ ನುಂಗಿಹಾಕುತ್ತದೆ, ಹುಡುಗರಿಗೆ ತಾವು ತಪ್ಪು ಮಾಡಿದ್ದೇ ಗೊತ್ತಾಗುವುದಿಲ್ಲ.

ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಖಾನಾಪುರ ತಾಲ್ಲೂಕಿನಲ್ಲಿ ನಮ್ಮ ಸರ್ವೇ ಕ್ಯಾಂಪು. ಹತ್ತು ದಿನ ಯಾವುದಾದರೂ ಊರಿನ ಸಮುದಾಯ ಭವನದಲ್ಲಿ ಇಳಿದುಕೊಂಡು, ಕೆರೆ, ರಸ್ತೆ, ನೀರಿನ ಪೈಪಿಗೆ ಬೇಕಾದ ಅಳತೆ ಮಾಡಿ ವರದಿ ಬರೆಯುವುದು. ಅದಕ್ಕೆ ಅಂಕಗಳಿರುತ್ತವೆ. ವೃತ್ತಿ ಕೌಶಲ ಎಂದು ಈಗ ಯಾವುದಕ್ಕೆ ತರಬೇತಿ ಇಡುತ್ತಾರೋ ಅದು ಅಲ್ಲಿ ಪುಕ್ಕಟೆ ಸಿಗುತ್ತಿತ್ತು. ಒಮ್ಮೆ ಮಲಪ್ರಭೆಯ ದಂಡೆಯ ಒಂದು ಹೊಲದಲ್ಲಿ ನಮ್ಮ ಹುಡುಗರು ಹೇಳದೆ ಕೇಳದೆ ಸ್ಟಾಫ್ ನೆಟ್ಟರು. ಗದ್ದೆ ಕೊಯ್ದ ಮೇಲೆ ಹೊಲದ ಒಡತಿ ಲಕ್ಷ್ಮೀಬಾಯಿ ಅಲ್ಲಿ ಮಸೂರ ಬಿತ್ತಿದ್ದಳು. ಎರಡೆಲೆ ಬಿಟ್ಟ ಸಸಿ ಹುಡುಗರ ಬೂಟಿನಡಿ ಚಪ್ಪಟೆ. ಆಕೆ ಬೈಯಲಿಲ್ಲ, ಹೊಡೆಯಲಿಲ್ಲ. ಹುಡುಗನ ಕೈಯಿಂದ ಸ್ಟಾಫ್ ಕಿತ್ತುಕೊಂಡು ಹೋಗಿ ಮನೆಯ ಅಟ್ಟದ ಮೇಲಿಟ್ಟಳು.

ಹುಡುಗರು ನನ್ನ ಹತ್ತಿರ ಓಡಿ ಬಂದರು. ನಾನು ಹೋಗಿ ಎರಡು ಮಾತು ಮರಾಠಿಯಲ್ಲಿ ಆಡಿದ್ದರೆ ಆಕೆ ಕೊಟ್ಟುಬಿಡುತ್ತಿದ್ದಳು. ಹೋಗಲಿಲ್ಲ. ನೀವೇ ತಗೊಂಡು ಬರ್ರಿ ಎಂದೆ. ಮೊದಲು ಹೋದವನು ಹಿಂದಿಯಲ್ಲಿ ಕಾಲೇಜಿನ ಹೆಸರು ಹೇಳಿ ಬಂದ, ಆಕೆ ಕದ ಹಾಕಿಕೊಂಡಳು. ಎರಡನೆಯವನು ಪ್ರಾಂಶುಪಾಲರ ಪತ್ರ ತೋರಿಸಿದ, ಆಕೆಗೆ ಓದಲು ಬರುತ್ತಿರಲಿಲ್ಲ. ಕೊನೆಗೆ ಒಬ್ಬ ಹುಡುಗ ಬೂಟು ಬಿಚ್ಚಿ ಅಂಗಳದಲ್ಲಿ ಕುಳಿತು, ಅಜ್ಜೀ, ತಪ್ಪಾಯಿತು, ಯಾವ ಬದಿಯಿಂದ ಹೋದರೆ ನಿನಗೆ ತೊಂದರೆ ಇಲ್ಲ ಹೇಳು ಎಂದು ಕೇಳಿದ. ಆಕೆ ಸ್ಟಾಫ್ ಇಳಿಸಿ ಕೊಟ್ಟದ್ದಷ್ಟೇ ಅಲ್ಲ, ಬದುವಿನ ಮೇಲಿನ ದಾರಿ ತೋರಿಸಿ, ಮಳೆಗಾಲದಲ್ಲಿ ಹೊಳೆ ಎಲ್ಲಿಯವರೆಗೆ ಏರುತ್ತದೆ ಎಂದೂ ಹೇಳಿದಳು. ಆ ಮಾತು ನಮ್ಮ ಯಾವ ನಕ್ಷೆಯಲ್ಲೂ ಇರಲಿಲ್ಲ. ಕೈ ಕುಲುಕುವುದನ್ನು ಕಲಿಸುವವರು ಒಮ್ಮೆ ಲಕ್ಷ್ಮೀಬಾಯಿಯ ಅಂಗಳಕ್ಕೆ ಹೋಗಿ ಬರಬೇಕು.

ಇನ್ನು ಆ ಕೊನೆಯ ವರ್ಷದ ಮಾತು.

ಆಗ ವಿಭಾಗದ ಮುಖ್ಯಸ್ಥ ಮಾಂತೇಶ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ನನ್ನೆದುರೇ ಸ್ಟಾಫ್ ಹಿಡಿದು ನಿಂತವನು. ಬುದ್ಧಿವಂತ, ಡಾಕ್ಟರೇಟ್ ಮಾಡಿದವನು, ಕೆಟ್ಟವನಲ್ಲ. ಬಾಗಿಲು ಹಾಕಿದ್ದಾಗ ನನ್ನನ್ನು ಸರ್ ಎನ್ನುತ್ತಿದ್ದ, ನಾನು ಮಾಂತೇಶ ಎನ್ನುತ್ತಿದ್ದೆ. ಸಭೆಯಲ್ಲಿ ಅವನನ್ನು ನಾನು ಸರ್ ಎನ್ನುತ್ತಿದ್ದೆ, ಅವನು ನನ್ನನ್ನು 'ನಮ್ಮ ಇನ್‌ಸ್ಟ್ರಕ್ಟರ್' ಎನ್ನುತ್ತಿದ್ದ. ಕಾಲೇಜಿಗೆ ಮಾನ್ಯತೆ ಕೊಡುವ ತಂಡ ಬರುವುದಿತ್ತು. ಆರು ತಿಂಗಳಿಂದ ಎಲ್ಲರೂ ಫೈಲು ಮಾಡುವುದರಲ್ಲೇ ಮುಳುಗಿದ್ದರು. ವಿದ್ಯಾರ್ಥಿಗೆ ನೀತಿ ಎಷ್ಟು ಬಂತು, ತಂಡದಲ್ಲಿ ದುಡಿಯುವುದು ಎಷ್ಟು ಬಂತು ಎಂದು ತುಂಬಿಸಲು ಬೇರೆ ಬೇರೆ ಕಾಲಂಗಳಿದ್ದವು. ನೀತಿಗೆ ಮೂರಕ್ಕೆ ಎರಡೂವರೆ ಹಾಕು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ.

ತಂಡಕ್ಕೆ ತೋರಿಸಲು ಮಾಂತೇಶ ಆರಿಸಿಕೊಂಡದ್ದು ಆ ವರ್ಷದ ಕ್ಯಾಂಪಿನ ಒಂದು ಕೆಲಸ. ಗುಂಜಿಯ ಆಚೆ, ಕಾಡಿನಂಚಿಗೆ ಒಂದು ವಾಡಿ ಇದೆ, ನಲವತ್ತು ಮನೆ. ಒಂದೂವರೆ ಕಿಲೋಮೀಟರ್ ದೂರದ ಝರಿಯಿಂದ ಅಲ್ಲಿನ ಶಾಲೆಯ ಪಕ್ಕ ಕಟ್ಟಬೇಕೆಂದಿದ್ದ ತೊಟ್ಟಿಗೆ, ಪಂಪಿಲ್ಲದೆ, ಪೈಪಿನಲ್ಲಿ ನೀರು ತಾನಾಗಿ ಹರಿದು ಬರುತ್ತದೋ ಇಲ್ಲವೋ ಎಂದು ನಮ್ಮ ನಾಲ್ಕು ವಿದ್ಯಾರ್ಥಿಗಳು ಅಳೆದಿದ್ದರು. ವರದಿಯನ್ನು ನೋಡಿ ಪೈಪ್ ಹಾಕಿಸುತ್ತೇವೆ ಎಂದು ಪಂಚಾಯಿತಿಯವರು ಒಪ್ಪಿದ್ದರು. ಬ್ಯಾಚಿನ ಮುಂದಾಳು ರೇಣುಕಾ, ಖಾನಾಪುರದ ಹುಡುಗಿ, ಮಾತು ಕಡಿಮೆ. ಸ್ಟಾಫ್ ಹಿಡಿದದ್ದು ಓಂಕಾರ. ಇನ್ನಿಬ್ಬರು ಯಂತ್ರ ಮತ್ತು ಪುಸ್ತಕ ನೋಡಿಕೊಂಡವರು.

ಹೋಗುವಾಗಿನ ಅಳತೆಯ ಪ್ರಕಾರ ಝರಿ ತೊಟ್ಟಿಗಿಂತ ಒಂದು ಮೀಟರ್ ಮೇಲಿತ್ತು. ಬರುವಾಗಿನ ಅಳತೆಯ ಪ್ರಕಾರ ಅರ್ಧ ಮೀಟರ್. ಕ್ಯಾಂಪು ಮುಗಿಯುವ ದಿನ ಕೊನೆಯ ಪುಟದ ಲೆಕ್ಕ ಹಾಕಿದಾಗ ಇದು ಗೊತ್ತಾಯಿತು, ಮತ್ತೆ ಅಳೆಯುವಷ್ಟರಲ್ಲಿ ಬಸ್ಸು ಬಂದು ನಿಂತಿತ್ತು. ರೇಣುಕಾ ವರದಿಯ ಕೊನೆಗೆ ಬರೆದಳು: ನಮ್ಮ ಲೆವೆಲ್ ಕೂಡಿಲ್ಲ, ಇದನ್ನು ನಂಬಿ ಯಾರೂ ಪೈಪ್ ಹಾಕಬಾರದು.

ಮಾಂತೇಶ ನನ್ನನ್ನು ಕರೆಸಿ ಬಾಗಿಲು ಹಾಕಿದ. ಪೋಸ್ಟರ್ ಅಚ್ಚಾಗಿ ಬಂದಿತ್ತು, ಅದರಲ್ಲಿ ನಲ್ಲಿಯ ಕೆಳಗೆ ನಗುವ ಮಕ್ಕಳ ಚಿತ್ರವಿತ್ತು. ಮುಂದಿನ ಬುಧವಾರ ತಂಡ ಬರುತ್ತದೆ, ಬರೀ ಅರ್ಧ ಮೀಟರ್, ಹೋಗುವಾಗಿನದಕ್ಕೂ ಬರುವಾಗಿನದಕ್ಕೂ ಹಂಚಿ ಮುಕ್ಕಾಲು ಮೀಟರ್ ಎಂದು ಬರೆಸಿ ಸಹಿ ಹಾಕಿಬಿಡಿ ಎಂದ. ನಾನು ಆಗುವುದಿಲ್ಲ ಎಂದೆ. ಇರುವುದೇ ಒಂದು ಮೀಟರ್, ಅದರಲ್ಲಿ ಅರ್ಧ ಎಲ್ಲಿ ಹೋಯಿತು ಎಂದು ಗೊತ್ತಿಲ್ಲದಾಗ ಹಂಚುವುದು ಏನನ್ನು?

ಆಗ ಅವನು ಮೆತ್ತಗೆ ಹೇಳಿದ. "ಸರ್, ನೀವು ಸಹಿ ಮಾಡಲಿಲ್ಲಂದ್ರ ನಾಲ್ಕೂ ಮಂದಿಗೆ ಅಂಕ ಇಲ್ಲ. ಅಂಕ ಇಲ್ಲಂದ್ರ ವರ್ಷ ಹೋತು. ರೇಣುಕಾಗ ಪೈಪ್‌ಲೈನ್ ಕಂಪನಿಯವರು ನೌಕರಿ ಕೊಟ್ಟಾರ, ಎಲ್ಲಾ ವಿಷಯ ಪಾಸಾಗಿದ್ರ ಅಷ್ಟ. ನಿಮ್ಮ ಹಟಕ್ಕ ಆ ಹುಡುಗಿ ಯಾಕ ಸಾಯಬೇಕು ಹೇಳ್ರಿ."

ಈ ಪೆಟ್ಟು ನನಗೆ ತಾಗಿತು. ನನಗೆ ನಿವೃತ್ತಿಗೆ ಐದು ತಿಂಗಳಿತ್ತು, ನಾನು ಹಟ ಮಾಡಿ ಮನೆಗೆ ಹೋಗುವವನು, ಅವರು ಬದುಕು ಶುರು ಮಾಡುವವರು. ನಾಲ್ವರನ್ನೂ ಲ್ಯಾಬಿಗೆ ಕರೆದು ವಿಷಯ ಮುಚ್ಚುಮರೆ ಇಲ್ಲದೆ ಹೇಳಿದೆ. ಮೂವರು ಹುಡುಗರು ಒಂದೇ ದನಿಯಲ್ಲಿ, ಹೊಂದಿಸಿಬಿಡ್ತೇವಿ ಸರ್ ಎಂದರು. ಅವರನ್ನು ನಾನು ಬೈಯಲಾರೆ, ಆ ವಿದ್ಯೆ ಈ ಲ್ಯಾಬಿನಲ್ಲೇ ಹುಟ್ಟಿದ್ದು, ಹುಟ್ಟಿಸಿದವನು ನಾನು. ರೇಣುಕಾ ಮಾತ್ರ ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಆ ವಾಡಿಯೊಳಗ ನಮ್ಮ ಮಾವಶಿ, ಅವ್ವನ ತಂಗಿ, ಇರ್ತಾಳ್ರಿ ಸರ್," ಎಂದಳು. "ಪೈಪ್ ಹಾಕಿದ ಮ್ಯಾಲ ನೀರು ಬರಲಿಲ್ಲಂದ್ರ ನಾ ಆಕಿ ಮನಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ರವಿವಾರ ಮತ್ತೆ ಅಳೆಯೋಣ ಎಂದೆ. ಕಾಲೇಜಿನ ಅನುಮತಿ ಕೇಳಲಿಲ್ಲ, ಕೇಳಿದ್ದರೆ ಸಿಗುತ್ತಿರಲಿಲ್ಲ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಯಂತ್ರ, ಅದರ ಮುಕ್ಕಾಲಿ, ಕ್ಯಾಂಪಿಗೆ ಕೊಟ್ಟಿದ್ದ ಅದೇ ಸ್ಟಾಫ್ ಹೇರಿಕೊಂಡು ಹೊರಟೆವು. ಮೀನು ಹಿಡಿಯಲಿಕ್ಕೆ ಹೊರಟಿದ್ದೀರೇನು ಎಂದು ಒಬ್ಬ ಪ್ರಯಾಣಿಕ ಕೇಳಿದ. ಹೌದು, ಕಳೆದುಹೋದದ್ದು ಒಂದಿದೆ ಎಂದೆ. ಖಾನಾಪುರದಲ್ಲಿ ರೇಣುಕಾ ಬುತ್ತಿ ಕಟ್ಟಿಕೊಂಡು ಹತ್ತಿದಳು. ಗುಂಜಿಯಲ್ಲಿ ಇಳಿದು ವಾಡಿಯವರೆಗೆ ನಡೆದೆವು.

ದಾರಿಯುದ್ದಕ್ಕೂ ನಾನು ಹುಡುಗರನ್ನು ಬೈದೆ. ಓದುವಾಗ ಯಾರದೋ ಲಕ್ಷ್ಯ ತಪ್ಪಿದೆ, ಕೋಲು ವಾಲಿದೆ, ಮೂರನ್ನು ಎಂಟು ಎಂದು ಬರೆದಿದ್ದೀರಿ ಎಂದು ಏನೇನೋ ಅಂದೆ. ಪಾಪ, ಕೇಳಿಸಿಕೊಂಡರು.

ನಾಲ್ಕನೆಯ ಜಾಗದಲ್ಲಿ ಯಂತ್ರ ದಿಬ್ಬದ ಮೇಲಿತ್ತು, ಸ್ಟಾಫ್ ತಗ್ಗಿನಲ್ಲಿ. ಅಲ್ಲಿ ಸ್ಟಾಫಿನ ಮೇಲಿನ ತುಂಡನ್ನೂ ಎಳೆದು ಉದ್ದ ಮಾಡಬೇಕಾಗುತ್ತದೆ. ನಾನು ಈ ಸಲ ಯಂತ್ರದ ಹತ್ತಿರ ನಿಲ್ಲದೆ ಓಂಕಾರನ ಪಕ್ಕ ನಿಂತಿದ್ದೆ. ರೇಣುಕಾ ಮೇಲಿನಿಂದ ಅಂಕಿ ಕೂಗಿದಳು. ಖಾತ್ರಿಗೆಂದು ಇನ್ನೊಮ್ಮೆ ಓದಿ ಬೇರೆಯೇ ಅಂಕಿ ಕೂಗಿದಳು. ನಾನು ತಲೆಯೆತ್ತಿ ನೋಡಿದೆ. ಮೇಲಿನ ತುಂಡು ನನ್ನ ಕಣ್ಣೆದುರೇ ನಾಲ್ಕು ಬೆರಳು ಕೆಳಗೆ ಜಾರಿ ಕುಳಿತಿತ್ತು.

ತುಂಡನ್ನು ಎಳೆದಾಗ ಅದು ಜಾರದಂತೆ ಹಿಡಿಯಲು ಒಂದು ಸ್ಪ್ರಿಂಗಿನ ಗುಂಡಿ ಇರುತ್ತದೆ. ಆ ಗುಂಡಿ ಸವೆದಿತ್ತು. ಸವೆದಿದೆ ಎಂದು ನನಗೆ ಗೊತ್ತಿತ್ತು. ಕ್ಯಾಂಪಿಗೆ ಸಾಮಾನು ಕಟ್ಟುವ ದಿನ ನಾನೇ ನೋಡಿದ್ದೆ, ಈ ಒಂದು ಕ್ಯಾಂಪು ನಡೆಯುತ್ತದೆ ಬಿಡು ಎಂದುಕೊಂಡು ಅಂಟುಪಟ್ಟಿ ಸುತ್ತಿ ಗಂಟಿನಲ್ಲಿ ಸೇರಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಕಾಡಿನ ದಾರಿಯಲ್ಲಿ ಅಂಟುಪಟ್ಟಿ ಬಿಚ್ಚಿಹೋಗಿತ್ತು. ಉದ್ದ ಮಾಡಿದಲ್ಲೆಲ್ಲ, ಹೋಗುವಾಗ ಒಂದು ರೀತಿ, ಬರುವಾಗ ಇನ್ನೊಂದು ರೀತಿ ಕೋಲು ಜಾರಿತ್ತು. ಹುಡುಗರ ಕಣ್ಣೂ ಸರಿಯಿತ್ತು, ಕೈಯೂ ಸರಿಯಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಬದನೆಕಾಯಿ ನನ್ನ ಬಾಯಲ್ಲೇ ಇತ್ತು.

ಹೇಳಿದೆ. ಹೇಳದೆ ಇರಲು ಹೇಗೆ ಸಾಧ್ಯ, ನಾಲ್ಕೂ ಮಂದಿ ನೋಡುತ್ತ ನಿಂತಿದ್ದರು. ಆಮೇಲೆ ಓಂಕಾರ, ಹೋಗಲಿ ಬಿಡಿ ಸರ್, ಸ್ಟಾಫ್ ಸಡಿಲ ಇತ್ತು ಎಂದಷ್ಟೇ ಬರೆಯೋಣ, ಕೊಟ್ಟವರು ಯಾರು ಎಂದು ಯಾಕೆ ಬರೆಯಬೇಕು ಎಂದ. ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿ ನನಗೆ ಹಾಯೆನಿಸಿತು. ಐದೇ ತಿಂಗಳು. ಒಂದು ಕಪ್ಪುಚುಕ್ಕೆ ಇಲ್ಲದೆ ಮನೆಗೆ ಹೋಗಬಹುದಿತ್ತು. ಅಲ್ಲೇ ಒಂದು ಬಂಡೆಯ ಮೇಲೆ ಕುಳಿತು ರೇಣುಕಾಳ ಬುತ್ತಿಯಲ್ಲಿದ್ದ ಚಟ್ನಿಪುಡಿ, ರೊಟ್ಟಿ ತಿಂದೆ. ತಿಂದು ಮುಗಿಸುವಷ್ಟರಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಮೇಲಿನ ತುಂಡನ್ನು ಎಳೆಯಲೇ ಇಲ್ಲ, ಕೆಳಗಿನ ತುಂಡಿನಿಂದಲೇ ಅಳೆದೆವು. ಅದಕ್ಕಾಗಿ ಯಂತ್ರವನ್ನು ಎರಡರಷ್ಟು ಸಲ ಎತ್ತಿ ಇಳಿಸಬೇಕಾಯಿತು, ನನ್ನ ಸೊಂಟ ಮುರಿಯಿತು. ಝರಿ ಮುಟ್ಟಿ, ಅಳೆಯುತ್ತಲೇ ತಿರುಗಿ ಬಂದು, ಮೊದಲು ಹೊರಟಿದ್ದ ಶಾಲೆಯ ಮೆಟ್ಟಿಲ ಕಲ್ಲಿಗೆ ಕೊನೆಯ ಅಂಕಿ ಓದಿದಾಗ ಹೊತ್ತು ಇಳಿದಿತ್ತು. ವ್ಯತ್ಯಾಸ ಎಂಟು ಮಿಲಿಮೀಟರ್. ಝರಿ ತೊಟ್ಟಿಗಿಂತ ಮೇಲಿರುವುದು ಒಂದು ಮೀಟರೂ ಅಲ್ಲ, ಮುಕ್ಕಾಲೂ ಅಲ್ಲ, ಅರ್ಧವೂ ಅಲ್ಲ, ಒಂದು ಗೇಣು. ಅಷ್ಟಕ್ಕೆ ಒಂದೂವರೆ ಕಿಲೋಮೀಟರ್ ಪೈಪಿನಲ್ಲಿ ನೀರು ಎಲ್ಲಿ ಬಂದೀತು! ತೊಟ್ಟಿಯನ್ನು ಶಾಲೆಯ ಪಕ್ಕ ಬಿಟ್ಟು ಕೆಳಗಿನ ಓಣಿಯಲ್ಲಿ ಕಟ್ಟಿದರೆ ಮಾತ್ರ ಬರುತ್ತದೆ. ರೇಣುಕಾ ಪುಸ್ತಕದಲ್ಲಿ ಹಾಗೆಯೇ ಬರೆದಳು.

"ಈಗ ಮೊದಲಿನದು ಯಾಕ ತಪ್ಪಾತು ಅಂತ ಬರಿ," ಎಂದೆ. "ಸವೆದ ಸ್ಟಾಫ್ ಗೊತ್ತಿದ್ದೂ ಕೊಟ್ಟವರು ಇನ್‌ಸ್ಟ್ರಕ್ಟರ್ ಬಾಳಪ್ಪ. ಹೆಸರು ಹಾಕು."

ಆಕೆ ಪೆನ್ನು ಎತ್ತಲೇ ಇಲ್ಲ. "ಕಲಿಸಿದವರ ಹೆಸರು ತಪ್ಪಿನ ಜಾಗದಾಗ ಹೆಂಗ ಬರೀಲ್ರಿ ಸರ್. ನನ್ನ ಕೈಲೆ ಆಗೂದಿಲ್ಲ."

"ಆಗಲಿಲ್ಲಂದ್ರ ಬಿಡು. ನಾನೂ ಸಹಿ ಮಾಡೂದಿಲ್ಲ."

ಆಕೆಯ ಕಣ್ಣಲ್ಲಿ ನೀರು ಬಂತು. ನಾನು ಕರಗಲಿಲ್ಲ, ಒಳಗೆ ಕರಗಿದ್ದನ್ನು ತೋರಿಸಲಿಲ್ಲ. ಕೊನೆಗೆ ಆಕೆ ಬರೆದಳು, ನಾನು ಅದರ ಕೆಳಗೇ ಸಹಿ ಹಾಕಿದೆ. ವಾಪಸು ಬರುವ ರೈಲಿನಲ್ಲಿ ಆಕೆ ಖಾನಾಪುರದವರೆಗೂ ನನ್ನ ಕಡೆ ನೋಡಲಿಲ್ಲ.

ಸೋಮವಾರ ಆ ಪುಸ್ತಕವನ್ನು ಮಾಂತೇಶನ ಮೇಜಿನ ಮೇಲಿಟ್ಟೆ. ಓದಿದ. ಆ ದಿನ ಬಾಗಿಲು ಹಾಕಲಿಲ್ಲ, ಸರ್ ಎನ್ನಲೂ ಇಲ್ಲ. ಮಾನ್ಯತೆಯ ತಂಡ ಬರುವ ಹೊತ್ತಿಗೆ ವಿಭಾಗದ ಮರ್ಯಾದೆಯನ್ನು ಬೀದಿಗೆ ತಂದೆ, ಅನುಮತಿಯಿಲ್ಲದೆ ಉಪಕರಣ ಒಯ್ದೆ, ಸವೆದ ಸ್ಟಾಫ್ ಕೊಟ್ಟೆ ಎಂದು ಸಂಜೆಯೊಳಗೆ ನನಗೊಂದು ಮೆಮೊ ಬಂತು. ನೌಕರಿಯಲ್ಲಿ ನನಗೆ ಬಂದ ಮೊದಲ ಮೆಮೊ. ನನ್ನ ಹೆಸರಿದ್ದ ಆ ಪುಟ ತೆಗೆದರೆ ಅಂಕ, ಇಲ್ಲವಾದರೆ ತಂಡ ಹೋದ ಮೇಲೆ ನೋಡೋಣ ಎಂದು ಬಾಯಿಮಾತಿನಲ್ಲಿ ಹೇಳಿ ಪುಸ್ತಕ ವಾಪಸು ಕಳಿಸಿದ. ತಂಡ ಹೋಗುವುದು ಶುಕ್ರವಾರ, ಅಂಕ ಕಳಿಸಲು ಕೊನೆಯ ದಿನ ಗುರುವಾರ. ಅಂಕಪಟ್ಟಿಯಲ್ಲಿ ನಾಲ್ಕು ಹೆಸರುಗಳ ಮುಂದೆ ಜಾಗ ಖಾಲಿ ಇತ್ತು. ನಾನು ರೇಣುಕಾಗೆ ಹೇಳಿದೆ, ಪುಟ ತೆಗೆಯುವುದಾದರೆ ತೆಗಿ ಮಗಳೇ, ನನಗೆ ಬೇಜಾರಿಲ್ಲ, ಉಳಿದ ಪುಟಗಳ ಸಹಿಯನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಆ ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನಾನೊಬ್ಬನೇ ಬಲ್ಲೆ. ಆಕೆ ಪುಸ್ತಕವನ್ನು ಎದೆಗವಚಿಕೊಂಡು ಹೋದಳು.

ಬುಧವಾರ ತಂಡ ಬಂತು. ಸಭಾಂಗಣದಲ್ಲಿ ಪೋಸ್ಟರುಗಳು, ಅವುಗಳ ಮುಂದೆ ಇಸ್ತ್ರಿ ಮಾಡಿದ ವಿದ್ಯಾರ್ಥಿಗಳು. ನಗುವ ಮಕ್ಕಳ ಪೋಸ್ಟರನ್ನು ಬೆಳಿಗ್ಗೆಯೇ ತೆಗೆಸಿದ್ದರು, ಆ ಗೋಡೆ ಬೋಳಾಗಿತ್ತು. ರೇಣುಕಾ ಹೋಗಿ ಆ ಬೋಳುಗೋಡೆಯ ಮುಂದೆಯೇ ನಿಂತಳು, ಕೈಯಲ್ಲಿ ಮಾಸಿದ ಪುಸ್ತಕ. ನಾನು ಬಾಗಿಲ ಹತ್ತಿರ ಕುರ್ಚಿ ಸಾಲು ಮಾಡುತ್ತಿದ್ದೆ, ಇಂಥ ದಿನ ಇನ್‌ಸ್ಟ್ರಕ್ಟರುಗಳಿಗೆ ಕೊಡುವ ಕೆಲಸ ಅದೇ.

ತಂಡದಲ್ಲಿ ಮೈಸೂರು ಕಡೆಯ ಹಿರಿಯ ಮಹಿಳೆಯೊಬ್ಬರಿದ್ದರು. ಎಲ್ಲ ಪೋಸ್ಟರು ನೋಡುತ್ತ ಬಂದವರು ಬೋಳುಗೋಡೆಯ ಮುಂದೆ ನಿಂತು, ನಿಮ್ಮದೇನಮ್ಮ ಎಂದು ಕೇಳಿದರು. ರೇಣುಕಾ ಪುಸ್ತಕ ಕೊಟ್ಟಳು. ಅವರು ನಿಂತೇ ಓದಿದರು, ಪುಟ ತಿರುವಿದರು, ಹಿಂದಕ್ಕೆ ಹೋಗಿ ಮತ್ತೆ ಓದಿದರು. ಬಾಳಪ್ಪ ಯಾರು ಎಂದು ಕೇಳಿದರು. ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಕುರ್ಚಿ ಬಿಟ್ಟು ಮುಂದೆ ಹೋಗಿ, ನಾನೇ ರೀ ಮೇಡಂ ಎಂದೆ. ಮೂವತ್ತನಾಲ್ಕು ವರ್ಷದಲ್ಲಿ ಆ ಸಭಾಂಗಣದಲ್ಲಿ ನನ್ನ ಹೆಸರನ್ನು ಯಾರೋ ಗಟ್ಟಿಯಾಗಿ ಕರೆದದ್ದು ಅದೇ ಮೊದಲು.

ಅವರು ನನ್ನೊಂದಿಗೆ ಮಾತಾಡಲಿಲ್ಲ, ರೇಣುಕಾಳ ಕಡೆ ತಿರುಗಿದರು. "ನಿಮಗೆ ಹೇಳಿಕೊಟ್ಟವರ ತಪ್ಪನ್ನ ಹೆಸರು ಹಾಕಿ ಬರೆದಿದ್ದೀರಲ್ಲ, ಭಯ ಆಗಲಿಲ್ವಾ?"

"ಆಗಿತ್ರಿ ಮೇಡಂ," ಎಂದಳು ರೇಣುಕಾ. "ಆದ್ರ ಬರೀದಿದ್ರ ಸರ್ ಸಹಿ ಮಾಡ್ತಿದ್ದಿಲ್ಲ."

ಅವರು ಪುಸ್ತಕ ಮುಚ್ಚಿ ಮಾಂತೇಶನನ್ನು ಕೇಳಿದರು, ಇವರಿಗೆ ಎಷ್ಟು ಅಂಕ ಕೊಟ್ಟಿದ್ದೀರಿ? ಮಾಂತೇಶ ನನ್ನನ್ನು ನೋಡಿದ. ಹುಡುಗನಾಗಿದ್ದಾಗ ಕೋಲು ವಾಲಿಸಿ ಸಿಕ್ಕಿಬಿದ್ದಾಗ ಹೀಗೆಯೇ ನೋಡುತ್ತಿದ್ದ. ಒಳ್ಳೆಯ ಅಂಕವನ್ನೇ ಕೊಟ್ಟಿದ್ದೇವೆ ಮೇಡಂ ಎಂದ. ಹಸೀ ಸುಳ್ಳು. ಆದರೆ ಸಂಜೆ ಆಫೀಸು ಮುಚ್ಚುವುದರೊಳಗೆ ಅದನ್ನು ಖರೇ ಮಾಡಿದ. ನಾನು ಹೋಗಿ ಪಟ್ಟಿ ನೋಡಿ ಬಂದೆ, ನಾಲ್ಕೂ ಜಾಗ ತುಂಬಿದ್ದವು.

ಮಾರನೆಯ ದಿನ ಮಾಂತೇಶ ತಾನೇ ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡ. ಬಹಳ ಹೊತ್ತು ಹೊಸ ಸ್ಟಾಫ್ ತರಿಸುವ ಮಾತಾಡಿದ. ಆಮೇಲೆ ತಲೆ ತಗ್ಗಿಸಿ, ಸರ್, ಸಿಟ್ಟಿನಲ್ಲಿ ಕೊಟ್ಟೆ, ಆ ಮೆಮೊ ಹಿಂದಕ್ಕೆ ತಗೋತೇನಿ, ನಿಮ್ಮ ಫೈಲಿನಲ್ಲಿ ಅದು ಇರುವುದು ಬೇಡ ಎಂದ.

"ಇರಲಿ ಬಿಡು ಮಾಂತೇಶ," ಎಂದೆ. "ಅದರಾಗ ಬರೆದದ್ದೆಲ್ಲಾ ಖರೇ ಐತಿ."